ಒಂದೇ ನಂಬರಿಗೆ ತೆರೆದ ಏರಿ ಹಾದಿ

“ಇವತ್ತರ ಬರತಾರೇನ್ರಿ ಅಕ್ಕಾರ?” ಎಂದು ಕೇಳಿದಳು ರೇಣವ್ವ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

“ಬರ್ತಾರೆ,” ಎಂದಳು ಹಂಸಾ.

“ಹೋದ ಸೋಮವಾರನೂ ಹಿಂಗ ಅಂದಿದ್ರಿ.”

ಹನುಮಂತನಗರದಿಂದ ಹುಳಿಮಾವಿನವರೆಗೆ ಹಂಸಾಗೆ ಸಮನಾದ ಖಾಸಗಿ ಪತ್ತೇದಾರಿಣಿ ಇನ್ನೊಬ್ಬಳಿರಲಿಲ್ಲ. ಅವಳ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಜಯನಗರದ ಸರಗಳ್ಳರು ಕದ್ದ ಸರವನ್ನು ತಾವೇ ಒಯ್ದು, ಕಳೆದುಕೊಂಡವರ ಕೊರಳಿಗೆ ಹಾಕಿ, ಕೊಂಡಿ ಸರಿಯಾಗಿ ಕೂತಿದೆಯೇ ಎಂದು ನೋಡಿ ಬರುತ್ತಿದ್ದರು. ಬನಶಂಕರಿಯಲ್ಲಿ ತಪ್ಪಿಸಿಕೊಂಡಿದ್ದ ಬೆಕ್ಕೊಂದು, ಹಂಸಾ ಹುಡುಕಲು ಹೊರಟಿದ್ದಾಳೆಂಬ ಸುದ್ದಿ ಕಿವಿಗೆ ಬಿದ್ದೊಡನೆ ಆಟೋ ಹಿಡಿದು ಮನೆಗೆ ಬಂದಿತ್ತು. ಅಂಥ ಹಂಸಾ ಈಗ ಬಿಟಿಎಂ ಲೇಔಟಿನ ಲೇಡೀಸ್ ಪಿ.ಜಿ. ಒಂದರ ಅಡುಗೆಮನೆಯಲ್ಲಿ, ಮಗುಚಿಟ್ಟ ಎಣ್ಣೆಡಬ್ಬದ ಮೇಲೆ ಕುಳಿತು, ಏನೂ ತೋಚದೆ ಜೋಳದ ರೊಟ್ಟಿ ಉಬ್ಬುವುದನ್ನು ನೋಡುತ್ತಿದ್ದಳು.

ಹುಣಸೆಕೆರೆ ಉದ್ಯಾನದ ಏರಿ ಹಾದಿ ಕುಸಿದು ಈ ಪಿ.ಜಿ.ಯ ಬಿಂದುಶ್ರೀ ಸತ್ತಿದ್ದಳು. ಹಾದಿ ಮುಚ್ಚಿದೆಯೆಂದು ಅವಳಿಗೆ ಮೊದಲೇ ತಿಳಿಸದೆ ಸಾವಿಗೆ ಕಾರಣನಾದನೆಂದು ಉದ್ಯಾನದ ನೌಕರ ಭೀಮರಾಯ ಜೈಲು ಸೇರಿದ್ದ. ರೇಣವ್ವ ಅವನ ಹೆಂಡತಿ, ಈ ಪಿ.ಜಿ.ಯ ಅಡುಗೆಯವಳು. ಅವನನ್ನು ಬಿಡಿಸಿಕೊಡಿ ಎಂದು ಹಂಸಾಳ ಕಾಲು ಹಿಡಿದವಳೂ ಅವಳೇ.

ಪ್ರಪಂಚದ ಬೇರೆಲ್ಲ ಉದ್ಯಾನಗಳಲ್ಲಿ ಹಾದಿ ಮುಚ್ಚಿದರೆ ಬೋರ್ಡು ಹಾಕುತ್ತಾರೆ. ಹುಣಸೆಕೆರೆಯಲ್ಲಿ ಹಾದಿ ತೆರೆದಿದ್ದರೂ ಬೋರ್ಡು ಇತ್ತು. ಪ್ರೇಮಿಗಳು ಏರಿಯ ಮೇಲೆ ಬಂದು ಕೂರದಿರಲೆಂದು ಯಾವ ಕಾಲದಲ್ಲೋ ನೆಟ್ಟ ‘ಹಾದಿ ಮುಚ್ಚಿದೆ’ ಎಂಬ ಕಬ್ಬಿಣದ ಬೋರ್ಡನ್ನು ಯಾರೂ ಕೀಳಲೇ ಇಲ್ಲ. ವಾಕಿಂಗಿನವರು ಅದಕ್ಕೆ ಸ್ವೆಟರ್ ನೇತುಹಾಕಿ ಒಳಗೆ ಹೋಗುತ್ತಿದ್ದರು. ಪ್ರೇಮಿಗಳು ಅದಕ್ಕೇ ಒರಗಿ ಕೂರುತ್ತಿದ್ದರು. ಪ್ರಳಯವಾಗಿ ಕೆರೆಯೇ ಇಲ್ಲವಾದರೂ ಆ ಬೋರ್ಡನ್ನು ಮಾತ್ರ ಯಾರೂ ನಂಬುವಂತಿರಲಿಲ್ಲ.

ಅದಕ್ಕಾಗಿ ಉದ್ಯಾನ ಸಮಿತಿ ಬೇರೆ ಪದ್ಧತಿ ಮಾಡಿತ್ತು. ಬರುವವರೆಲ್ಲ ಗೇಟಿನಲ್ಲಿ ಒಮ್ಮೆ ಫೋನ್ ನಂಬರ್ ಕೊಡಬೇಕು. ಯಾವ ಹಾದಿ ಮುಚ್ಚುತ್ತದೆ, ಯಾವುದು ತೆರೆದಿದೆ ಎಂದು ಹಿಂದಿನ ಸಂಜೆಯೇ ಆಫೀಸಿನ ಫೋನಿನಿಂದ ಎಲ್ಲರಿಗೂ ಮೆಸೇಜ್ ಹೋಗುತ್ತಿತ್ತು. ಕಳಿಸುವವನು ಭೀಮರಾಯ. ಆ ಶನಿವಾರ ಸಂಜೆ ದಕ್ಷಿಣ ಬೆಂಗಳೂರಿನ ಅರ್ಧ ಜನರ ಜೇಬು ಒಟ್ಟಿಗೆ ಗುಂಯ್‌ಗುಟ್ಟಿತ್ತು: ‘ಏರಿ ಬಿರುಕು ಬಿಟ್ಟಿದೆ. ನಾಳೆ ಏರಿ ಹಾದಿ ಮುಚ್ಚಿದೆ. ಯಾರೂ ಬರಬೇಡಿ.’

ಬಿಂದುಶ್ರೀಯ ಫೋನಿಗೆ ಮಾತ್ರ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಬಂದವಳು ಅವಳೊಬ್ಬಳೇ.

ಮಧ್ಯಾಹ್ನ ಭೀಮರಾಯನ ಜಾಮೀನು ಅರ್ಜಿ ಕೋರ್ಟಿಗೆ ಬರುವುದಿತ್ತು. ವಕೀಲರ ಕೈಗೆ ಕೊಡಲು ಹಂಸಾಳ ಬಳಿ ಗಾಳಿಯ ಹೊರತು ಏನೂ ಇರಲಿಲ್ಲ.

“ಅವರು ಮನಿಗೆ ಬರಬೇಕ್ರಿ,” ಎಂದಳು ರೇಣವ್ವ. “ನನಗ ಮತ್ತೇನೂ ಬ್ಯಾಡ.”

ಆ ಮಾತಿಗೆ ಹಂಚಿನ ಕೆಳಗಿನ ಬೆಂಕಿಯೂ ಕುಗ್ಗಿತು. ಇಂಥ ಹೆಂಡತಿಗೆ ಏನು ಹೇಳಿ ಎದ್ದು ಹೋಗುವುದೆಂದು ಹಂಸಾ ನೆಲದ ಹಂಚುಗಳಲ್ಲಿ ಉತ್ತರ ಹುಡುಕುತ್ತಿದ್ದಾಗ, ಉಪ್ಪಿನ ಡಬ್ಬದ ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ತಟ್ಟೆ ಹಿಡಿದು ಬಂದ ಹುಡುಗಿಯೊಬ್ಬಳು ಅದನ್ನು ಎತ್ತಿಕೊಂಡಳು.

“ಹಾ ಅಣ್ಣಾ, ಗ್ರೀನ್ ಗೇಟು. ಅಲ್ಲೇ ಇಡಿ, ಬರ್ತೀನಿ.”

ಅವಳು ಪ್ರಿಯಾಂಕಾ, ಬಿಂದುಶ್ರೀಯ ರೂಮಿನವಳು.

“ಅದು ನಿನ್ನ ಫೋನಾ?” ಎಂದು ಕೇಳಿದಳು ಹಂಸಾ.

“ಅಲ್ಲ ಮೇಡಂ, ರೇಣಕ್ಕಂದು. ನಮ್ ಪಾರ್ಸಲ್ ಎಲ್ಲಾ ಇದಕ್ಕೇ ಬರೋದು.”

“ನಿಂಗೆ ಫೋನಿಲ್ವಾ?”

“ಇದೆ. ಆದ್ರೆ ಕಂಡೋರಿಗೆಲ್ಲಾ ನಂಬರ್ ಯಾರು ಕೊಡ್ತಾರೆ? ಅಂಗಡೀಲಿ, ಜಿಮ್ಮಲ್ಲಿ ಒಂದ್ಸಲ ಕೊಟ್ರೆ ಸಂಜೆಗೇ ‘ಹಾಯ್, ಊಟ ಆಯ್ತಾ’ ಅಂತ ಶುರು. ಅದಕ್ಕೆ ಈ ಪಿ.ಜಿ.ಲಿ ಎಲ್ರೂ ಅಕ್ಕನ ನಂಬರೇ ಕೊಡೋದು. ಊಟ ಆಯ್ತಾ ಅಂತ ಬಂದ್ರೆ ಅಕ್ಕ ಫೋನ್ ಮಾಡಿ, ಇಲ್ಲಪ್ಪ, ನೀ ಬಂದು ಪಾತ್ರೆ ತೊಳಿ, ಆಮೇಲೆ ಉಣ್ಣೋಣ ಅಂತಾರೆ. ಇನ್ನೊಂದು ಮೆಸೇಜ್ ಬರಲ್ಲ.”

ಹಂಸಾ ಎಣ್ಣೆಡಬ್ಬದಿಂದ ಎದ್ದಳು.

“ಪಾರ್ಕಿನ ಗೇಟಲ್ಲಿ?”

“ಪಾರ್ಕಲ್ಲೂ ಅಕ್ಕಂದೇ. ಬಿಂದೂನೂ ಅದನ್ನೇ ಕೊಟ್ಟಿದ್ಲು.”

ಹಂಸಾ ಫೋನು ತೆಗೆದ ವೇಗಕ್ಕೆ ಅವಳ ಬ್ಯಾಗಿನ ಜಿಪ್ಪು ಕಿತ್ತು ಬಂತು. ಮೂರು ಅಪೀಲುಗಳನ್ನು ಬರೀ ಕೆಮ್ಮಿನಿಂದಲೇ ಗೆದ್ದ ಖ್ಯಾತಿಯ ವಕೀಲ ಗಂಗಾಧರಯ್ಯ ಆ ಕಡೆಯಿಂದ ಕೆಮ್ಮಿದರು.

“ಸಾರ್, ಬಿಂದುಶ್ರೀ ಪಾರ್ಕಿಗೆ ತನ್ನ ನಂಬರ್ ಕೊಟ್ಟೇ ಇರಲಿಲ್ಲ. ಕೊಡದೇ ಇರೋ ನಂಬರಿಗೆ ಭೀಮರಾಯ ಹೇಗೆ ತಿಳಿಸ್ತಾನೆ?”

ಕೆಮ್ಮು ನಿಂತಿತು. “ಇದನ್ನ ಹೇಳೋಕೆ ಯಾರಾದ್ರೂ ಇದಾರೇನಮ್ಮ?”

“ಅವಳ ರೂಮ್‌ಮೇಟು ನನ್ನೆದುರಿಗೇ ಇದಾಳೆ.”

“ಆಟೋಲಿ ಕಳಿಸು. ಪಿ.ಜಿ. ಓನರ್ ಜಾಮೀನಿಗೆ ನಿಲ್ತೀನಿ ಅಂದಿದಾರೆ. ಇಷ್ಟೇ ಸಾಕು, ಇವತ್ತೇ ಬಿಡಿಸ್ತೀನಿ.”

ಪ್ರಿಯಾಂಕಾ ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಆಟೋ ಹತ್ತಿದಳು. ಹಂಸಾ ವಾಪಸ್ ಬಂದು, ಇಡೀ ಬಿಟಿಎಂ ತನಗೆ ಆರತಿ ಎತ್ತಲು ಸಾಲುಗಟ್ಟಿದೆಯೆಂಬ ಭಂಗಿಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆ ಭಂಗಿ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಉಳಿಯಿತು.

ಆಮೇಲೆ ತಲೆ ಕೆಲಸ ಮಾಡಿತು. ನಂಬರು ರೇಣವ್ವನದಾದರೆ ಮೆಸೇಜು ರೇಣವ್ವನ ಫೋನಿಗೆ ಬಂದಿರಬೇಕು. ಬಂದಿದ್ದರೆ ಬಿಂದುಶ್ರೀ ಏಕೆ ಹೋದಳು?

“ರೇಣವ್ವ, ಶನಿವಾರ ಸಂಜೆ ಬಿಂದು ಈ ಫೋನ್ ನೋಡಿದ್ಲಾ?”

ರೊಟ್ಟಿ ಬಡಿಯುವ ಸದ್ದು ನಿಂತಿತು.

“ನೋಡಿರಬೇಕ್ರಿ. ಎಲ್ಲಾರೂ ನೋಡತಾರ.”

“ಕೊಡು, ನಾನೂ ನೋಡ್ತೀನಿ.”

“ಬ್ಯಾಡ್ರಿ ಅಕ್ಕಾರ. ಅದರಾಗೇನೈತಿ, ಬರೇ ಸೀರಿ ಆಫರು.”

ಹಂಸಾ ಆಗಲೇ ಫೋನು ಎತ್ತಿಕೊಂಡಿದ್ದಳು. ಸೀರೆ, ಸಾಲ, ಸೈಟು, ತೂಕ ಇಳಿಸುವ ಪುಡಿ. ಇಷ್ಟು ಮೆಸೇಜು ಮುಖ್ಯಮಂತ್ರಿಗೂ ಬರುವುದಿಲ್ಲ. ಎಲ್ಲದರ ತಳದಲ್ಲಿ ಹುಣಸೆಕೆರೆ ಆಫೀಸಿನ ನಂಬರ್ ಸಿಕ್ಕಿತು.

ಶನಿವಾರ ಸಂಜೆ ಎರಡು ಮೆಸೇಜು ಬಂದಿದ್ದವು. ಮೊದಲನೆಯದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಷ್ಟೇ ಇತ್ತು. ಅದರ ಕೆಳಗೆ ಎರಡನೆಯದು.

‘ನಾಳೆ ಏರಿ ಹಾದಿ ತೆರೆದಿದೆ. ಬರಬಹುದು.’

ಹಂಸಾ ಅದನ್ನು ಮತ್ತೆ ಮತ್ತೆ ಓದಿದಳು. ಊರಿಗೆಲ್ಲ ಮುಚ್ಚಿದ ಹಾದಿ ಈ ಒಂದು ನಂಬರಿಗೆ ತೆರೆದಿತ್ತು. ಯಾರೋ ಮೊದಲು ಕಳಿಸಿದ್ದನ್ನು ಅಳಿಸಿ, ಇದನ್ನು ಬೇರೆಯಾಗಿ ಟೈಪು ಮಾಡಿದ್ದರು. ಇದು ತಿಳಿಸಲು ಮರೆತದ್ದಲ್ಲ. ಬೇಕೆಂದೇ ಕರೆಸಿಕೊಂಡದ್ದು.

ಅವಳು ಫೋನನ್ನು ಜಿಪ್ಪು ಕಿತ್ತ ಬ್ಯಾಗಿಗೆ ಹಾಕಿಕೊಂಡಳು.

“ಈ ಫೋನ್ ನನ್ನ ಹತ್ರ ಇರಲಿ,” ಎಂದಳು.

“ಇಟ್ಕೋರಿ. ಆದ್ರ ಕೋರ್ಟಿನ್ಯಾಗ ಈ ಮಾತು ಎತ್ತಬ್ಯಾಡ್ರಿ ಅಕ್ಕಾರ. ಮೊದಲ ಅವರು ಹೊರಗ ಬರಲಿ.”

ಹಂಸಾ ತಲೆಯಾಡಿಸಿ ಸ್ಕೂಟರ್ ಹತ್ತಿದಳು. ಯಾರ ಹತ್ತಿರ ಹೋಗಬೇಕೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಉದ್ಯಾನದ ಆಫೀಸಿನ ಬೀಗದಕೈ ಇಬ್ಬರ ಬಳಿ ಮಾತ್ರ ಇತ್ತು. ಒಬ್ಬ ಭೀಮರಾಯ. ಇನ್ನೊಬ್ಬರು ಸಮಿತಿಯ ಅಧ್ಯಕ್ಷ ಶಶಿಧರ್. ಕೆರೆಯ ಸುತ್ತಲ ಹೊಲಗಳು ಒಂದು ಕಾಲಕ್ಕೆ ಅವರ ತಾತ ರಾಮಯ್ಯನವರವು. ಉಳಿದ ತುಂಡಿನಲ್ಲಿ ಶಶಿಧರ್ ಈಗ ಕಲ್ಯಾಣಮಂಟಪ ಕಟ್ಟಿಸುತ್ತಿದ್ದರು. ಮಂಟಪಕ್ಕೆ ರಸ್ತೆ ಇರಲಿಲ್ಲ. ಏರಿಯ ಮೇಲೆ ಜನ ಓಡಾಡುವುದು ನಿಂತರೆ ರಸ್ತೆಗೆ ಜಾಗ ಸಿಗುತ್ತಿತ್ತು. ಒಂದು ಸಾವು ಆದರೆ ಹಾದಿ ಶಾಶ್ವತವಾಗಿ ಮುಚ್ಚುತ್ತದೆ.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಮದುವೆ ಮಾತುಕತೆ ಕುದುರಿ ಮುರಿದು ಬೀಳುವಷ್ಟು ಹೊತ್ತು ನಿಂತು, ಹಂಸಾ ಹುಣಸೆಕೆರೆ ತಲುಪಿದಳು. ಉದ್ಯಾನ ಖಾಲಿ ಇತ್ತು. ಏರಿಯ ನಡುವೆ ಯಾವುದೋ ದೊಡ್ಡ ಪ್ರಾಣಿ ಕಚ್ಚಿ ಉಗುಳಿದಂತೆ ಮಣ್ಣು ಬಾಯಿ ಬಿಟ್ಟಿತ್ತು. ಅಲ್ಲಿಂದ ಕೆಳಗೆ ಹೂಳು. ಬಿಂದುಶ್ರೀಯ ಒಂದು ಶೂ ಇನ್ನೂ ಸಿಕ್ಕಿರಲಿಲ್ಲ.

ಶಶಿಧರ್ ಆಫೀಸಿನಲ್ಲಿ ಕುಳಿತು ಎಳನೀರು ಕುಡಿಯುತ್ತಿದ್ದರು. ಅವರು ಕೈ ಎತ್ತಿದರೆ ಉಂಗುರಗಳ ಹೊಳಪಿಗೆ ಎದುರಿನವರು ಕಣ್ಣು ಮುಚ್ಚಿಕೊಳ್ಳಬೇಕಿತ್ತು.

“ಬನ್ನಿ ಮೇಡಂ. ಎಳನೀರು?”

“ಬೇಡ. ಶನಿವಾರ ಸಂಜೆ ಆಫೀಸಿನ ಫೋನ್ ಎಲ್ಲಿತ್ತು?”

“ಇಲ್ಲೇ ಡ್ರಾಯರಲ್ಲಿ. ಪೊಲೀಸರು ಅದನ್ನ ಕೇಳಿ, ನೋಡಿ, ಬರ್ಕೊಂಡು ಹೋಗಾಯ್ತು.”

“ಪೊಲೀಸರು ಕೇಳದೇ ಇರೋದು ಒಂದಿದೆ.” ಹಂಸಾ ರೇಣವ್ವನ ಫೋನನ್ನು ಮೇಜಿನ ಮೇಲಿಟ್ಟಳು. “ಓದಿ.”

ಶಶಿಧರ್ ಓದಿದರು. ಎಳನೀರಿನ ಸ್ಟ್ರಾ ಬಾಯಿಂದ ಜಾರಿತು.

“ಇದು ನಮ್ಮ ನಂಬರಿಂದ ಹೋಗಿದ್ಯಾ?”

“ನಾಟಕ ಬೇಡ ಸಾರ್. ನಿಮಗೆ ರಸ್ತೆ ಬೇಕಿತ್ತು. ಯಾರೋ ಒಬ್ರು ಸಾಯ್ಬೇಕಿತ್ತು. ಯಾರಾದ್ರೂ ಪರವಾಗಿರಲಿಲ್ಲ.”

ಶಶಿಧರ್ ಸಿಟ್ಟಾಗಲಿಲ್ಲ. ಅದು ಹಂಸಾಗೆ ಹಿಡಿಸಲಿಲ್ಲ. ಅವಳ ಅನುಭವದಲ್ಲಿ ತಪ್ಪು ಮಾಡಿದವನು ಮೊದಲು ಮೇಜು ಗುದ್ದಬೇಕು.

“ರಸ್ತೆ ಬೇಕಿತ್ತು, ಸುಳ್ಳು ಹೇಳಲ್ಲ,” ಎಂದರು ಅವರು. “ಅದಕ್ಕೆ ದೊಡ್ಡೋರ ಕೈ ಕಾಲು ಹಿಡೀತಿದೀನಿ. ಹೆಣ ಯಾಕಮ್ಮ ಬೇಕು? ಮದುವೆ ಮಾಡೋ ಜಾಗದ ಎದುರಿಗೆ ಸಾವಾದ್ರೆ ನನ್ನ ಮಂಟಪ ಯಾವನು ಬುಕ್ ಮಾಡ್ತಾನೆ? ಆ ಭಾನುವಾರದಿಂದ ಒಂದೇ ಒಂದು ಫೋನ್ ಬಂದಿಲ್ಲ.”

ಹಂಸಾ ಮೇಜಿನ ಮೇಲಿದ್ದ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು.

“ಯಾರಾದ್ರೂ ಪರವಾಗಿಲ್ಲ ಅನ್ನೋನು ಎಲ್ರಿಗೂ ತೆರೆದಿದೆ ಅಂತ್ಲೇ ಕಳಿಸ್ತಿದ್ದ,” ಎಂದು ಶಶಿಧರ್ ಡ್ರಾಯರಿನಿಂದ ಆಫೀಸಿನ ಫೋನು ತೆಗೆದರು. “ಇಷ್ಟೊಂದು ನಂಬರಲ್ಲಿ ಇದೊಂದನ್ನೇ ಹುಡುಕಿ ಕಳಿಸಿದ್ದಾನೆ ಅಂದ್ರೆ, ಇದು ಯಾರದು ಅಂತ ಅವನಿಗೆ ಗೊತ್ತಿತ್ತು. ಹೇಳಿ, ಯಾವ ನಂಬರು?”

ಹಂಸಾ ಹೇಳಿದಳು. ಅವರು ಒಂದೊಂದೇ ಅಂಕಿ ಒತ್ತಿದರು. ಒತ್ತಿ ಮುಗಿಸಿದ ಮೇಲೆ ಫೋನನ್ನು ಅವಳ ಕಡೆ ತಿರುಗಿಸಿದರು.

ಆ ನಂಬರಿನ ಜೊತೆ ನಡೆದ ಮೆಸೇಜುಗಳೆಲ್ಲ ಈ ಫೋನಿನಿಂದ ಮಾಯವಾಗಿದ್ದವು. ಹೆಸರು ಮಾತ್ರ ಉಳಿದಿತ್ತು. ಬೇರೆಲ್ಲ ನಂಬರುಗಳು ‘ವಾಕರ್’, ‘ವಾಕರ್’ ಎಂದಿದ್ದವು. ಇದೊಂದು ‘ಮನೆ’ ಎಂದಿತ್ತು.

“ಈ ಫೋನ್ ಮುಟ್ಟೋರು ಇಬ್ಬರು,” ಎಂದರು ಶಶಿಧರ್. “ನನ್ನ ಮನೆಯವಳ ನಂಬರಂತೂ ಇದಲ್ಲ.”

“ಇದು ಪಿ.ಜಿ. ಹುಡುಗೀರೆಲ್ಲಾ ಕೊಡೋ ನಂಬರು.”

“ಅದು ನಿಮಗೆ ಗೊತ್ತು, ಇವತ್ತು. ಭೀಮರಾಯನಿಗೆ ಅದು ಹೆಂಡತಿ ನಂಬರು, ಅಷ್ಟೇ. ವಾರವೆಲ್ಲಾ ಇಲ್ಲೇ ಶೆಡ್ಡಲ್ಲಿರೋನು ಅವನು. ಪ್ರತಿ ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಏರಿ ಮೇಲೆ ಅವನಿಗೆ ಬುತ್ತಿ ತರ್ತಿದ್ದಿದ್ದು ಯಾರು, ಬಿಂದುಶ್ರೀನಾ?”

ಬುತ್ತಿ.

ಕುಸಿದ ಮಣ್ಣಿನ ಅಂಚಿನಲ್ಲಿ ಪೊಲೀಸರಿಗೆ ಒಂದು ಬಟ್ಟೆಗಂಟು ಸಿಕ್ಕಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ಬೆಳಿಗ್ಗೆ ಒಂದು ಬಾಳೆಹಣ್ಣು ತಿನ್ನಲೂ ಯೋಚಿಸುತ್ತಿದ್ದ ಹುಡುಗಿಗೆ ಅಷ್ಟು ರೊಟ್ಟಿ ಯಾಕೆಂದು ಹಂಸಾ ಆಗಲೇ ಕೇಳಿಕೊಳ್ಳಬೇಕಿತ್ತು. ಪ್ರಪಂಚದ ಮಹಾ ಪತ್ತೇದಾರಿಣಿ ಅದನ್ನು ತಿಂಡಿಯೆಂದುಕೊಂಡು ಬಿಟ್ಟಿದ್ದಳು. ಆ ವಾರ ರೇಣವ್ವನಿಗೆ ಜ್ವರ, ಎದ್ದು ಓಡಾಡಲಾರದಷ್ಟು ಜ್ವರವಿತ್ತೆಂದು ಪಿ.ಜಿ.ಯ ಹುಡುಗಿಯರೆಲ್ಲ ಹೇಳಿದ್ದರು. ವಾಕಿಂಗಿಗೆ ಹೊರಟವಳ ಕೈಯಲ್ಲಿ ಬುತ್ತಿ ಕಳಿಸಿದ್ದಾಳೆ. ಹಾದಿ ತೆರೆದಿದೆಯೆಂದು ಫೋನಿನಲ್ಲೇ ಇತ್ತಲ್ಲ.

“ಹೋದ ತಿಂಗಳು ಹುಳಿಮಾವಲ್ಲಿ ನಮ್ಮದೊಂದು ಮನೆ ಬಾಡಿಗೆಗೆ ಕೇಳಿದ್ದ,” ಎಂದರು ಶಶಿಧರ್, ತಗ್ಗಿದ ದನಿಯಲ್ಲಿ. “ಹೆಂಡತೀನ ಕರ್ಕೊಂಡು ಬಂದು ತೋರಿಸ್ತೀನಿ ಅಂದ. ಕರ್ಕೊಂಡೂ ಬಂದ. ಅವತ್ತು ಬಂದೋಳು ಬುತ್ತಿ ತರೋಳಲ್ಲ ಮೇಡಂ.”

“ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಕೇಳಿದ್ರೆ ತಾನೆ? ಅವರ ಲೆಕ್ಕದಲ್ಲಿ ಅವನು ಮೆಸೇಜ್ ಕಳಿಸೋಕೆ ಮರೆತ ದಡ್ಡ. ನಾನೂ ಹಾಗೇ ಅಂದ್ಕೊಂಡಿದ್ದೆ, ನೀವು ಈ ಫೋನ್ ಇಲ್ಲಿಡೋ ತನಕ.”

ಹಂಸಾಳ ಫೋನು ನಡುಗಿತು. ಗಂಗಾಧರಯ್ಯ ಮೆಸೇಜ್ ಮಾಡಿದ್ದರು. ‘ಜಾಮೀನು ಆಯ್ತು. ನಿನ್ನ ಪಾಯಿಂಟೇ ಗೆದ್ದಿದ್ದು. ಕಾಗದ ಎಲ್ಲಾ ಮುಗಿಸಿದೆ, ಈಗ ಹೊರಗೆ ಬಿಟ್ರು. ನೇರ ಹೆಂಡತಿ ಹತ್ರ ಹೋಗ್ತೀನಿ ಅಂದ.’

ಹತ್ತೂರಿನ ಕೇಸು ಗೆದ್ದು ಮೀಸೆಯಿಲ್ಲದೆಯೂ ಮೀಸೆ ತಿರುವಿದ್ದವಳು ಹಂಸಾ. ಈ ಗೆಲುವಿಗೆ ಮಾತ್ರ ಅವಳ ಕೈ ಮೀಸೆಯ ಕಡೆ ಹೋಗಲಿಲ್ಲ. ಕೊಲ್ಲಲು ಹೊರಟವನನ್ನು ಅವಳೇ ಬಿಡಿಸಿದ್ದಳು. ಅವನ ಕೈಯಿಂದ ಸಾವು ತಪ್ಪಿಸಿಕೊಂಡ ಹೆಂಡತಿಯ ಬಾಗಿಲಿಗೆ ಅವಳೇ ಅವನನ್ನು ಕಳಿಸಿದ್ದಳು.

ರೇಣವ್ವನಿಗೆ ಫೋನು ಮಾಡಿ ಎಚ್ಚರಿಸೋಣವೆಂದರೆ ರೇಣವ್ವನ ಫೋನು ಇವಳ ಕೈಯಲ್ಲೇ ಇತ್ತು. ಪ್ರಿಯಾಂಕಾ ಎತ್ತಲಿಲ್ಲ. ಠಾಣೆಯಲ್ಲಿ ಎತ್ತಿದವರು ನಾಳೆ ಬಂದು ಬರೆದುಕೊಡಿ ಎಂದರು.

ಬಿಟಿಎಂಗೆ ಅವಳು ಹೇಗೆ ಬಂದಳೋ ಅವಳಿಗೇ ತಿಳಿಯದು. ಮೂರು ಸಿಗ್ನಲ್ಲುಗಳು ಇವತ್ತಿಗೂ ಅವಳ ಸ್ಕೂಟರನ್ನು ಹುಡುಕುತ್ತಿರಬೇಕು. ಪಿ.ಜಿ.ಯಲ್ಲಿ ದೀಪ ಹಚ್ಚುವ ಹೊತ್ತು. ಹುಡುಗಿಯರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅಡುಗೆಮನೆಯಲ್ಲಿ ರೇಣವ್ವ ಒಬ್ಬಳೇ ಇದ್ದಳು. ತಲೆಗೆ ನೀರು ಹಾಕಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟಿದ್ದಳು.

“ವಕೀಲರು ಓನರಿಗೆ ಫೋನ್ ಮಾಡಿದ್ರಂತ್ರಿ. ಬಿಟ್ಟಾರಂತ,” ಎಂದಳು. “ನಿಮ್ಮ ಉಪಕಾರ ಸಾಯೂತನಾ ಮರಿಯಂಗಿಲ್ಲರಿ ಅಕ್ಕಾರ.”

“ಸ್ಟೌ ಆರಿಸು. ನನ್ ಜೊತೆ ಬಾ. ಈಗಲೇ.”

“ಎಲ್ಲಿಗ್ರಿ?”

ಹಂಸಾ ಹೇಳಿದಳು. ಅಳಿಸಿದ ಮೆಸೇಜು, ‘ಮನೆ’ ಎಂಬ ಹೆಸರು, ಹುಳಿಮಾವಿನ ಬಾಡಿಗೆ ಮನೆ, ಆ ಮನೆ ನೋಡಲು ಬಂದ ಇನ್ನೊಬ್ಬಳು. ಅರ್ಧಕ್ಕೇ ರೇಣವ್ವ ಕುಸಿದು ಕೂರುತ್ತಾಳೆ, ಹಿಡಿದುಕೊಳ್ಳಬೇಕು ಎಂದು ಒಂದು ಕೈ ಸಿದ್ಧವಾಗಿಟ್ಟುಕೊಂಡೇ ಹೇಳಿದಳು.

ರೇಣವ್ವ ಕೂರಲಿಲ್ಲ. ಪಲ್ಯದ ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದಳು.

“ಗೊತ್ತೈತ್ರಿ.”

“ಏನು ಗೊತ್ತು?”

“ಎಲ್ಲಾ. ಭಾನುವಾರನ ಗೊತ್ತಾತು. ಪೊಲೀಸ್ರು ಬಂದು, ಎಲ್ಲಾರಿಗೂ ಹಾದಿ ಮುಚ್ಚೈತಂತ ತಿಳಿಸ್ಯಾರ, ಈ ಹುಡುಗಿಗಷ್ಟ ತಿಳಿಸಿಲ್ಲ ಅಂದ್ರಲ್ಲ, ಆವಾಗ ಒಳಗ ಬಂದು ಫೋನ್ ನೋಡಿದ್ನಿ. ನನಗ ಓದಾಕ ಬರತೈತ್ರಿ ಅಕ್ಕಾರ. ಅದು ನನಗ ಬರದಿದ್ದು ಅಂತ ತಿಳಿಯಾಕ ಭಾಳ ಹೊತ್ತು ಬೇಕಾಗಲಿಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ? ಯಾಕೆ ನನ್ನ ಕಾಲು ಹಿಡಿದೆ, ಅವನನ್ನ ಬಿಡಿಸಿ ಅಂತ?”

ರೇಣವ್ವ ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಕೆಳಗಿಟ್ಟಳು.

“ಜ್ವರದಾಗ ನನಗ ನೀರು ಕುಡಿಸಿ, ಬುತ್ತಿ ನಾ ಕೊಟ್ಟು ಬರ್ತೀನಿ, ನೀ ಮಲಕ್ಕೋ ಅಕ್ಕಾ ಅಂತ ಹೋದ್ಳರಿ ಆ ಹುಡುಗಿ. ಅಕಿ ಹೊತ್ಕೊಂಡು ಹೋಗಿದ್ದು ನನ್ನ ಸಾವು.” ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ಆ ಒಣ ಕಣ್ಣಿನ ಎದುರು ನಿಲ್ಲುವುದಕ್ಕಿಂತ ಹೂಳಿನಲ್ಲಿ ಇಳಿಯುವುದು ಸುಲಭವೆನಿಸಿತು ಹಂಸಾಗೆ. “ನಿಜ ಹೇಳಿದ್ರ ಪೊಲೀಸ್ರು ಅವರನ್ನ ಒಳಗ ಇಟ್ಕೋತಿದ್ರು. ಜೇಲಿನಾಗ ಇದ್ರ ನನ್ನ ಕೈಗೆ ಹೆಂಗ ಸಿಗತಾರ್ರಿ?”

ಹಂಸಾಳ ಕಣ್ಣು ಕಟ್ಟೆಯ ಮೇಲೆ ಹೋಯಿತು. ಒಂದೇ ತಟ್ಟೆ ಬಡಿಸಿಟ್ಟಿತ್ತು. ರೊಟ್ಟಿ, ಮೇಲೆ ಎಣ್ಣೆ ತೇಲುವ ಬದನೆಕಾಯಿ ಪಲ್ಯ. ಏನು ಮಾಡುತ್ತಿದ್ದೇನೆಂದು ಅರಿವಿಲ್ಲದೆಯೇ ಅವಳು ತಟ್ಟೆಯ ಕಡೆ ಕೈ ಚಾಚಿದಳು.

ರೇಣವ್ವ ಮೆಲ್ಲಗೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇದು ನಿಮಗಲ್ಲರಿ.”

ಹೊರಗೆ ಗೇಟಿನ ಚಿಲಕ ಸರಿದ ಸದ್ದಾಯಿತು. ರೇಣವ್ವ ತಲೆಯ ಮೇಲೆ ಸೆರಗೆಳೆದುಕೊಂಡು, ಯಾವ ಹೆಂಡತಿಯೂ ಗಂಡನನ್ನು ಇಷ್ಟು ಅಕ್ಕರೆಯಿಂದ ಕರೆದಿರಲಾರಳು, ಅಂಥ ದನಿಯಲ್ಲಿ ಕರೆದಳು:

“ಬಂದ್ರೇನು? ಕೈಕಾಲು ತೊಳಕೊಂಡು ಬರ್ರಿ. ರೊಟ್ಟಿ ಬಿಸಿ ಅದಾವ.”